ಸಹಾಯ ಬೇಕು: ಕ್ಯಾಂಟನೀಸ್‌ನ 'ಗಡ್ಡ ಕಳಚಿತು' ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ. ಹಾಂಗ್‌ಕಾಂಗ್‌ನ ಕಥೆಯೊಂದನ್ನು ಅಲ್ಲಿನ ಚೀನೀ ನುಡಿಯಾದ ಕ್ಯಾಂಟನೀಸ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಮಾತಿಗೆ ಮೂರು ದಿನಗಳಿಂದ ಸಿಕ್ಕಿಕೊಂಡಿದ್ದೇನೆ. ಮದುವೆಯ ಔತಣದಲ್ಲಿ ಹಾಡಲು ನಿಂತ ಸೋದರಮಾವ ಎರಡನೆಯ ಸಾಲಿಗೇ ಪದ ಮರೆಯುತ್ತಾನೆ. ಸೊಸೆ ತಲೆ ತಗ್ಗಿಸಿ 'ಲತ್ ಸೋ' ಎನ್ನುತ್ತಾಳೆ. 'ಲತ್' ಎಂದರೆ ಕಳಚುವುದು, 'ಸೋ' ಎಂದರೆ ಗಡ್ಡಮೀಸೆ. ನಾಲ್ಕು ಜನರೆದುರು ಮಾನ ಹೋಯಿತು ಎಂಬ ಭಾವ.

ಕ್ಯಾಂಟನೀಸ್ ಸಂಗೀತ ನಾಟಕದ ರಂಗದ ಮೇಲೆ ನಟನ ಕೃತಕ ಗಡ್ಡ ಕಳಚಿಬಿದ್ದ ಪ್ರಸಂಗದಿಂದ ಈ ಮಾತು ಬಂತೆಂಬ ವಿವರಣೆಯಿದೆ. ಅಲ್ಲಿನ ಗಡ್ಡವನ್ನು ಅಂಟಿಸುವುದಿಲ್ಲ, ತಂತಿಯಿಂದ ಕಿವಿಗೆ ಸಿಕ್ಕಿಸುತ್ತಾರೆ. ಕಪ್ಪು, ಬೂದು, ಬಿಳಿ ಬಣ್ಣಗಳು ಪಾತ್ರದ ವಯಸ್ಸನ್ನು ಹೇಳುತ್ತವೆ. ಅದು ಜಾರಿದರೆ ಸೇನಾಪತಿಯ ಗಾಂಭೀರ್ಯವೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತದೆ. ಎಷ್ಟು ಚೆಂದದ ಚಿತ್ರ!

'ಮುಖಭಂಗ' ಎಂದರೆ ಆ ಚಿತ್ರವೇ ಅಳಿಸಿಹೋಗುತ್ತದೆ. 'ಮೀಸೆ ಮಣ್ಣಾಯಿತು' ತುಂಬ ಹತ್ತಿರ ಬರುತ್ತದೆ, ಆದರೆ ಅದು ಜಟ್ಟಿಯ ಸೋಲು; ಇಲ್ಲಿ ಎದುರಾಳಿಯೇ ಇಲ್ಲ. ಯಕ್ಷಗಾನ ಅಥವಾ ಕಂಪನಿ ನಾಟಕದ ಬಳಗದಲ್ಲಿ ವೇಷ ಕಳಚುವುದಕ್ಕೆ ಸಂಬಂಧಿಸಿದ ನುಡಿಗಟ್ಟೇನಾದರೂ ಬಳಕೆಯಲ್ಲಿದೆಯೇ? ನಿಮ್ಮ ಊರಿನಲ್ಲಿ ಕೇಳಿದ್ದರೆ ಸಂದರ್ಭದೊಡನೆ ತಿಳಿಸಿ. ಶುಕ್ರವಾರ ಕರಡು ಕೊಡಬೇಕಿದೆ.