ಸಹಾಯ ಬೇಕು: ಓವನ್ ಹಾಕಿದರೆ ಕಂಟ್ರೋಲ್ ಪ್ಯಾನೆಲ್ ಕೈ ಸುಡುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೇಲೆ ಒಲೆ, ಕೆಳಗೆ ಓವನ್ ಇರುವ ಎಲೆಕ್ಟ್ರಿಕ್ ರೇಂಜ್. ಏಳು ವರ್ಷ ಹಳೆಯದು. ಎರಡು ವಾರದಿಂದ, ಓವನ್ 200 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಆಗುವಷ್ಟರಲ್ಲಿ ಮುಂದಿನ ಪ್ಯಾನೆಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ. ಡಿಸ್‌ಪ್ಲೇ ಅಂಕಿಗಳು ಮಸುಕಾಗಿ, ನಾಲ್ಕೈದು ಸಲ ಬೀಪ್ ಅಂದು ತಾನೇ ಆಫ್ ಆಗುತ್ತದೆ. ಬರೀ ಒಲೆ ಬಳಸಿದರೆ ಏನೂ ತೊಂದರೆ ಇಲ್ಲ.

ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದೆ. ಉಳಿದ ಕಡೆ ಬಿಗಿಯಾಗಿದೆ, ಮೇಲಿನ ಬಲ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಅಲ್ಲಿ ಗ್ಯಾಸ್ಕೆಟ್ (ಬಾಗಿಲ ಸುತ್ತಲಿನ ಸೀಲ್ ಪಟ್ಟಿ) ಚಪ್ಪಟೆಯಾಗಿ ಕಪ್ಪಗಾಗಿದೆ. ಬಿಸಿ ಗಾಳಿ ನೇರ ಪ್ಯಾನೆಲ್‌ಗೇ ಹೊಡೆಯುತ್ತಿರಬೇಕು. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 205 ತೋರಿಸಿತು, ಹಾಗಾಗಿ ಬಿಸಿ ಅಳೆಯುವ ಸೆನ್ಸರ್ ಮೇಲೆ ನನಗೆ ಅನುಮಾನ ಇಲ್ಲ.

ಇನ್ನೊಂದು ವಿಷಯ. ಮೊದಲೆಲ್ಲ ಓವನ್ ಆರಿಸಿದ ಮೇಲೂ ಪ್ಯಾನೆಲ್ ತಂಪಾಗಿಡುವ ಕೂಲಿಂಗ್ ಫ್ಯಾನ್ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು. ಈಗ ಆ ಸದ್ದೇ ಇಲ್ಲ. (ಸದ್ದು ನಿಂತಿತಲ್ಲ ಅಂತ ಖುಷಿಪಟ್ಟಿದ್ದೆ, ದಡ್ಡತನ!) ಗಾಳಿ ಹೋಗುವ ಕಿಂಡಿಗಳಲ್ಲಿ ಕಸ ಕಟ್ಟಿಲ್ಲ.

ಗೊತ್ತಿರುವವರು ಹೇಳಿ: ಫ್ಯಾನ್ ಮೋಟಾರೇ ಹೋಗಿದೆಯೋ, ಅದನ್ನು ಚಾಲೂ ಮಾಡುವ ಥರ್ಮಲ್ ಸ್ವಿಚ್ ಹೋಗಿದೆಯೋ ಪತ್ತೆ ಮಾಡೋದು ಹೇಗೆ? ಮೇನ್ ಆಫ್ ಮಾಡಿ, ವೈರ್ ಬಿಡಿಸಿ, ಮಲ್ಟಿಮೀಟರ್‌ನಲ್ಲಿ ಮೋಟಾರ್ ಕಂಟಿನ್ಯುಟಿ (ಒಳಗಿನ ತಂತಿ ಕಡಿದಿಲ್ಲ ತಾನೇ ಅಂತ) ನೋಡಿದರೆ ಸಾಕಾ? ಇಷ್ಟು ದಿನದ ಕಾವಿಗೆ ಪ್ಯಾನೆಲ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್‌ನಲ್ಲಿ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಉಬ್ಬಿ ಹಾಳಾಗಿರಬಹುದಾ? ಮೆಕ್ಯಾನಿಕ್ ಬಂದು ಐದು ನಿಮಿಷ ನೋಡಿ "ಬೋರ್ಡೇ ಬದಲಾಯಿಸಿ" ಅಂದರು, ಫ್ಯಾನ್ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸದ್ಯ ಓವನ್ ಮುಟ್ಟುತ್ತಿಲ್ಲ.