ಮಗಳು ಸೈನಿಕರ ಸಮಾಧಿ ತೊಳೆಯಲು ಹೋಗುತ್ತೇನೆ ಎನ್ನುತ್ತಿದ್ದಾಳೆ, ಕಳಿಸಲೇ?

ರೆಡಿಂಗ್, ಮೂಲ ಚಿಕ್ಕಮಗಳೂರು:
ಎಲ್ಲರಿಗೂ ನಮಸ್ಕಾರ. ಮಗಳಿಗೆ 14. ಇಲ್ಲಿ ಬ್ರಿಟನ್ನಿನ ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರೋ ಎಂಬ ಯುವಜನರ ಪ್ರಶಸ್ತಿಯ ಮೊದಲ ಹಂತ, ಬ್ರಾಂಜ್, ಶುರು ಮಾಡಿದ್ದಾಳೆ. ಸೇವೆಯ ಭಾಗಕ್ಕೆ ಅವಳ ಗೆಳತಿಯರೆಲ್ಲ ಚಾರಿಟಿ ಅಂಗಡಿ ಹಿಡಿದರೆ, ಇವಳು ನಮ್ಮ ಏರಿಯಾದ ಸ್ಮಶಾನದಲ್ಲಿ ಸೈನಿಕರ ಸಮಾಧಿ ತೊಳೆಯುವ ಗುಂಪಿಗೇ ಸೇರಬೇಕು ಎನ್ನುತ್ತಾಳೆ. ದೊಡ್ಡವರು ಜೊತೆಗಿದ್ದರೆ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರಂತೆ. ಅತ್ತೆ ಆರು ತಿಂಗಳಿಗೆ ಬಂದಿದ್ದಾರೆ. "ಹೆಣ್ಣುಮಗು ಸ್ಮಶಾನಕ್ಕೆ ಹೋಗುವುದಾ, ಅದೂ ಪಿತೃಪಕ್ಷದಲ್ಲಿ" ಎಂದು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನನಗೂ ಒಳಗೊಳಗೇ ಅಳುಕು. ನನ್ನ ತಂದೆ ಹೋದಾಗ ನಾನು ಬಾಗಿಲಲ್ಲೇ ನಿಂತವಳು. ಸ್ಮಶಾನದ ಗೇಟನ್ನೂ ನೋಡಿಲ್ಲ. ಯಾರಾದರೂ ಮಕ್ಕಳನ್ನು ಕಳಿಸಿದ್ದೀರಾ? ಶನಿವಾರದೊಳಗೆ ಹೇಳಬೇಕು.

ಸ್ಲೌ, ಮೂಲ ಹಾಸನ:
ಕಳಿಸಿ. ನನ್ನ ಮಗ ಮಾಡಿದ್ದಾನೆ. ಬ್ರಾಂಜ್‌ಗೆ ಸೇವೆ ಮೂರು ತಿಂಗಳು, ವಾರಕ್ಕೆ ಸರಾಸರಿ ಒಂದು ಗಂಟೆ. ಶಾಲೆಯಲ್ಲಿ ಮೊದಲೇ ಒಪ್ಪಿಗೆ ತಗೊಳ್ಳಿ. ಕೊನೆಗೆ ವರದಿ ಬರೆಯುವವರು ಮನೆಯವರಾಗಿರಬಾರದು, ಅದು ನೆನಪಿರಲಿ.

ಕೆಲಸ ನೀವು ಅಂದುಕೊಂಡ ಹಾಗಿಲ್ಲ. ಒಂದು ಬಕೆಟ್ ನೀರು, ಒಂದು ಮೆತ್ತನೆ ಬ್ರಷ್, ಅಷ್ಟೇ. ಕಲ್ಲನ್ನು ಮೊದಲು ಪೂರ್ತಿ ನೆನೆಸಬೇಕು. ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಇಲ್ಲದಿದ್ದರೆ ಕೊಳೆನೀರು ಇಳಿದು ಗೆರೆ ಬೀಳುತ್ತದೆ. ತಂತಿ ಬ್ರಷ್, ಬ್ಲೀಚ್, ಪ್ರೆಷರ್ ವಾಷರ್ ಯಾವುದೂ ಬೇಡ. ಹೆಚ್ಚಿನವು ಪೋರ್ಟ್‌ಲ್ಯಾಂಡ್ ಸುಣ್ಣದ ಕಲ್ಲು, ಅಕ್ಷರ ಬೇಗ ಸವೆಯುತ್ತದೆ. ಗಟ್ಟಿಯಾಗಿ ಅಂಟಿದ ಕಲ್ಲುಹೂವನ್ನು ಕೆರೆಯಲೂ ಬಾರದು. ಮನೆಯವರೇ ಹಾಕಿಸಿದ ಖಾಸಗಿ ಕಲ್ಲನ್ನು ಕೇಳದೆ ಮುಟ್ಟಬಾರದು.

ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಮೇಲ್ಗಡೆ ರೆಜಿಮೆಂಟಿನ ಗುರುತು, ಅದರ ಕೆಳಗೆ ಪಾಚಿ. ಮಗ ಉಜ್ಜುತ್ತಾ ಮೇಲೆ ಹೋದ ಹಾಗೆ ಮೊದಲು ವಯಸ್ಸು 19 ಎಂದು ಬಂತು, ಆಮೇಲೆ ತಾರೀಕು, ಆಮೇಲೆ ಹೆಸರು. ಬ್ರಷ್ ಕೆಳಗಿಟ್ಟು "ಅಮ್ಮಾ, ನಮ್ಮ ಅಣ್ಣನ ವಯಸ್ಸು" ಎಂದ. ಆ ಕಾಲದಲ್ಲಿ ಕಲ್ಲಿನ ಕೆಳತುದಿಯಲ್ಲಿ ಮನೆಯವರು ಒಂದು ಮಾತು ಬರೆಸಬಹುದಿತ್ತು, 66 ಅಕ್ಷರದೊಳಗೆ, ಮಧ್ಯದ ಖಾಲಿ ಜಾಗವೂ ಲೆಕ್ಕ. ಆ ಸಾಲನ್ನು ಅವನೇ ಗಟ್ಟಿಯಾಗಿ ಓದಿದ.

ಬ್ರೈಟನ್, ಮೂಲ ಮೈಸೂರು:
22 ವರ್ಷದಿಂದ ಇಲ್ಲಿದ್ದೇನೆ, ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ಸಮಾಧಿ ತೊಳೆಯಲಿ, ಸಂತೋಷ. ಆದರೆ ಯಾರ ಸಮಾಧಿ? ನಮ್ಮವರದ್ದು ನೋಡುವವರು ಯಾರು? ಮೊದಲ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಸತ್ತರು. ನಮ್ಮೂರ ಹೊರಗೆ ಗುಡ್ಡದ ಮೇಲೆ ಛತ್ರಿ ಎಂಬ ಸ್ಮಾರಕ ಇದೆ. ಇಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಜಾಗ. 1921ರಲ್ಲಿ ಛತ್ರಿ ಕಟ್ಟಿದರು. ಆ 53 ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದು ಯಾವಾಗ ಗೊತ್ತಾ? 2010ರಲ್ಲಿ!

ಲೆಸ್ಟರ್:
ಸತ್ತವನಿಗೆ ಯಾವ ದೇಶ ಸಾರ್? 14 ವರ್ಷದ ಮಗು ತೊಳೆಯುತ್ತೇನೆ ಅಂದರೆ ಪಾಸ್‌ಪೋರ್ಟ್ ನೋಡಿ ತೊಳೆ ಅನ್ನುತ್ತೀರಾ?

ಬ್ರೈಟನ್, ಮೂಲ ಮೈಸೂರು:
ನಾನು ಹಾಗೆ ಹೇಳಲಿಲ್ಲ. ಅಂತಸ್ತು, ಬಣ್ಣ, ಧರ್ಮ ನೋಡದೆ ಎಲ್ಲರಿಗೂ ಒಂದೇ ಗೌರವ ಎಂದು ಹೇಳಿಕೊಂಡು ಬಂದದ್ದು ಈ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 2021ರಲ್ಲಿ ಅವರದೇ ವರದಿ ಬಂತು. ಕಡಿಮೆ ಎಂದರೂ 1,16,000 ಜನರ ಹೆಸರನ್ನು ಎಲ್ಲೂ ಬರೆಸಿಲ್ಲ, ಹೆಚ್ಚಿನವರು ಆಫ್ರಿಕಾ ಮತ್ತು ಏಷ್ಯಾದವರು. ಕ್ಷಮೆಯನ್ನೂ ಕೇಳಿದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ನಮ್ಮಲ್ಲಿ ಎಷ್ಟು ಜನ ನಿಂತು ನೋಡಿದ್ದೇವೆ? ಮಕ್ಕಳಿಗೆ ಇದನ್ನು ಹೇಳದೆ ಬರೀ ಬ್ರಷ್ ಕೊಟ್ಟರೆ ಅರ್ಧ ಕೆಲಸ.

ಕ್ರಾಯ್ಡನ್:
ಎಲ್ಲ ಸರಿ, ಶನಿವಾರ ಕನ್ನಡ ಕ್ಲಾಸ್ ಇರುತ್ತದಲ್ಲ? ಅದು ತಪ್ಪಬಾರದು. ಸೇವೆ ಯಾವಾಗ ಬೇಕಾದರೂ ಮಾಡಬಹುದು, ಭಾಷೆ ಈ ವಯಸ್ಸಿನಲ್ಲಿ ಬಂದರೇ ಬಂತು. ನನ್ನ ದೊಡ್ಡವನಿಗೆ ಈಗ ಅಜ್ಜಿಯ ಫೋನ್ ಬಂದರೆ "ಚೆನ್ನಾಗಿದ್ದೀನಿ" ಬಿಟ್ಟು ಏನೂ ಬರುವುದಿಲ್ಲ. ಆ ನೋವು ನನಗೆ ಗೊತ್ತು.

ಎಡಿನ್‌ಬರೋ, ಮೂಲ ಶಿಕಾರಿಪುರ:
ಅತ್ತೆಗೆ ವೀರಗಲ್ಲು ನೆನಪಿಸಿ. ನಮ್ಮ ಹೊಲದ ಬದುವಿನಲ್ಲೇ ಒಂದಿತ್ತು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ. ನನ್ನ ಅಜ್ಜಿ ಅದನ್ನು ತೊಳೆದು ಎಣ್ಣೆ ಹಚ್ಚುತ್ತಿದ್ದಳು. ಯಾರೂ ಮೈಲಿಗೆ ಅನ್ನಲಿಲ್ಲ. 949ರ ಆತಕೂರು ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿ ಪೂಜೆ ಮಾಡಿದ ಜನ ನಾವು.

ಲೆಸ್ಟರ್:
ವೀರಗಲ್ಲು ಸಮಾಧಿ ಅಲ್ಲ, ಅದರ ಕೆಳಗೆ ಹೆಣ ಇರಬೇಕೆಂದೇನಿಲ್ಲ. ಅತ್ತೆ ಅದನ್ನೇ ಮೊದಲು ಕೇಳುತ್ತಾರೆ ನೋಡಿ. ನಮ್ಮ ಮನೆಯಲ್ಲಿ ಹೂಳುವ ಪದ್ಧತಿ. ಹಬ್ಬಕ್ಕೆ ಮುಂಚೆ ತಾತನ ಸಮಾಧಿ ಗುಡಿಸಿ ಸುಣ್ಣ ಬಳಿಯುವುದು ಮಕ್ಕಳದ್ದೇ ಕೆಲಸ. "ನಮ್ಮ ಕಡೆ ಹೋಗುವುದಿಲ್ಲ" ಎಂದು ಎಲ್ಲ ಕನ್ನಡಿಗರ ಪರವಾಗಿ ಹೇಳಬೇಡಿ.

ಮಿಲ್ಟನ್ ಕೀನ್ಸ್:
ವಿಷಯ ಬಿಟ್ಟು ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಅಪ್ಪ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು. ಹಲಸೂರಿನ ಸೆಂಟರ್ ಮುಂದೆ ಬಸ್ ಹೋದರೆ ಸೀಟಿನಲ್ಲೇ ನೆಟ್ಟಗೆ ಕೂರುತ್ತಿದ್ದರು. 2021ರ ಮೇ ತಿಂಗಳಲ್ಲಿ ಹೋದರು. ನಾನು ಫೋನಿನಲ್ಲಿ ನೋಡಿದೆ, ಅಷ್ಟೇ. ಬೂದಿಯನ್ನು ತಮ್ಮನೇ ಶ್ರೀರಂಗಪಟ್ಟಣದಲ್ಲಿ ಬಿಟ್ಟ. ಇಲ್ಲಿ ನಮ್ಮ ಮನೆ ಹತ್ತಿರದ ಚರ್ಚಿನ ಹಿಂದೆ ನಾಲ್ಕು ಯುದ್ಧ ಸಮಾಧಿಗಳಿವೆ. ಅಪ್ಪನ ತಿಥಿಯ ದಿನ ಅಲ್ಲಿ ಹೋಗಿ ಎಲೆ ಆರಿಸಿ ಬರುತ್ತೇನೆ. ಅವರು ಯಾರೋ, ನಾನು ಯಾರೋ. ಮಗಳನ್ನು ಕಳಿಸಿ ಅಕ್ಕ.

ಬ್ರೈಟನ್, ಮೂಲ ಮೈಸೂರು:
ನಿಮ್ಮ ತಂದೆಯವರಿಗೆ ನಮಸ್ಕಾರ. ನಾನು ಹೇಳುತ್ತಿರುವುದೂ ಇದನ್ನೇ. ಮುಸ್ಲಿಂ ಸೈನಿಕರನ್ನು ವೋಕಿಂಗ್ ಹತ್ತಿರ ಹಾರ್ಸೆಲ್‌ನಲ್ಲಿ ಹೂತಿದ್ದರು, ಆಮೇಲೆ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದರು. ಅದನ್ನೂ ನೋಡಬೇಕು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ ನಮ್ಮವರ 4,700ಕ್ಕೂ ಹೆಚ್ಚು ಹೆಸರುಗಳಿವೆ. ನಾವು ರಜೆಗೆ ಪ್ಯಾರಿಸ್‌ಗೆ ಹೋಗುತ್ತೇವೆ, ಅಲ್ಲಿಗೆ ಹೋಗುವುದಿಲ್ಲ.

ರೆಡಿಂಗ್, ಮೂಲ ಚಿಕ್ಕಮಗಳೂರು:
ಎಲ್ಲರದ್ದೂ ಓದಿದೆ. ಆದರೆ ಅತ್ತೆಗೆ ಏನು ಹೇಳಲಿ?

ಸ್ಲೌ, ಮೂಲ ಹಾಸನ:
ವಾದ ಮಾಡಬೇಡಿ. ಅಮಾವಾಸ್ಯೆ ಕಳೆದ ಮೇಲೆ ಶುರು ಮಾಡಿ, ಎರಡು ವಾರದಲ್ಲಿ ಏನೂ ಹೋಗುವುದಿಲ್ಲ. ಬಂದ ತಕ್ಷಣ ಹಿಂಬಾಗಿಲಿನಿಂದ ಬಂದು ತಲೆಗೆ ಸ್ನಾನ, ಆಮೇಲೆ ಅಡುಗೆಮನೆ. ನನ್ನ ಅಮ್ಮನೂ ಇಷ್ಟಕ್ಕೇ ಒಪ್ಪಿದರು. ಮೂರನೇ ವಾರ ಅವರೇ ಬಿಸಿನೀರು ಕಾಯಿಸಿಟ್ಟಿದ್ದರು.

ರೆಡಿಂಗ್, ಮೂಲ ಚಿಕ್ಕಮಗಳೂರು:
ಈಗ ತಾನೇ ಕೇಳಿದೆ. "ತಲೆಗೆ ಸ್ನಾನ ಮಾಡುವುದಾದರೆ ನೋಡೋಣ" ಎಂದರು. ರಾತ್ರಿ ಊಟ ಮಾಡಿದರು. ಬ್ರಷ್ ನೈಲಾನಿನದ್ದು ಆಗುತ್ತದಾ?

ಬ್ರೈಟನ್, ಮೂಲ ಮೈಸೂರು:
ಜೂನ್‌ನಲ್ಲಿ ಪ್ರತಿ ವರ್ಷ ಛತ್ರಿಯಲ್ಲಿ ಸ್ಮರಣೆ ನಡೆಯುತ್ತದೆ. ಅತ್ತೆಯವರು ಅಷ್ಟು ದಿನ ಇರುವುದಿಲ್ಲ ಅಲ್ವಾ? ಹಾಗಾದರೆ ಈ ತಿಂಗಳೇ ಕರೆದುಕೊಂಡು ಬನ್ನಿ. ಕೊನೆಗೆ ಸ್ವಲ್ಪ ದೂರ ಏರು ನಡೆಯಬೇಕು, ಮೆಲ್ಲಗೆ ಹತ್ತಿಸೋಣ. ಊಟ ನಮ್ಮ ಮನೆಯಲ್ಲಿ.

ಸ್ಲೌ, ಮೂಲ ಹಾಸನ:
ನೈಲಾನ್ ಆಗುತ್ತದೆ, ಮೆತ್ತಗಿರಲಿ. ಹೊಸದೇ ತಗೊಳ್ಳಿ, ಬಾತ್‌ರೂಮಿನದ್ದು ಬೇಡ.