ಬೆಂಗಳೂರು ರಾತ್ರಿ ಟ್ರೈನ್ ಹಿಂದೆಯೂ ಇತ್ತಾ? ಮಾವ ಸರಿಯಾ ಅಣ್ಣ ಸರಿಯಾ?

ಮಣಿಪಾಲದ_ಮಳೆ
ಮೊನ್ನೆ ಮನೇಲಿ ಪೂಜೆ ಇತ್ತು, ಊಟ ಆಗಿ ಕೂತಾಗ ಸುರುವಾದ ಜಗಳ ಇನ್ನೂ ಮುಗ್ದಿಲ್ಲ. ಮಾವ ಹೇಳುದು 80ರ ದಶಕದಲ್ಲಿ ಅವರು ಮಂಗಳೂರಲ್ಲಿ ರಾತ್ರಿ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗ್ತಿದ್ರಂತೆ. ಅಣ್ಣ ಹುಟ್ಟಿದ್ದು 90ರಲ್ಲಿ, ಅವ ಹೇಳುದು ಚಾನ್ಸೇ ಇಲ್ಲ, ಬೆಂಗಳೂರು ಟ್ರೈನ್ ಬಂದದ್ದೇ 2007ರಲ್ಲಿ, ಅಲ್ಲಿವರೆಗೆ ಬಸ್ಸೇ ಗತಿ, ನೀವು ಹತ್ತಿದ್ದು ಮದ್ರಾಸ್ ಟ್ರೈನ್ ಇರ್ಬೇಕು ಅಂತ. ಮಾವನಿಗೆ ಸಿಟ್ಟು ಬಂದು ಪಾಯಸ ಅರ್ಧಕ್ಕೇ ಬಿಟ್ಟು ಎದ್ರು. ಯಾರು ಸರಿ? ಮತ್ತೆ ಮಂಗಳೂರಿನ ಟ್ರೈನ್ ಕಣ್ಣೂರಿಗೆ ಹೋಗುದು ಯಾಕೆ, ಉಡುಪಿಗೆ ಬರುದು ಮಂಗಳೂರನ್ನೇ ಮುಟ್ಟದೆ ಬರುದು ಯಾಕೆ, ಗೊತ್ತಿದ್ದವರು ಹೇಳಿ ಮಾರಾಯ್ರೆ.

ಹಳೇ_ಮೀಟರ್‌ಗೇಜ್
ಮಾವ ಪೂರ್ತಿ ಸರಿ, ಅಣ್ಣ ಅರ್ಧ ಸರಿ. ಮಾವನ ಕಾಲು ಹಿಡ್ಕೊಳ್ಳಿ ಮೊದ್ಲು.

ಹಾಸನ–ಮಂಗಳೂರು ಲೈನ್ ಸುರುವಾದದ್ದು 1979ರಲ್ಲಿ, ಆಗ ಅಗಲ ಕಮ್ಮಿಯ ಹಳಿ, ಅಂದ್ರೆ ಮೀಟರ್‌ಗೇಜ್. ನಾನೂ ಅದ್ರಲ್ಲಿ ಹೋದವ, ರಾತ್ರಿ ಚಾದರ ಹೊದ್ದು ಮಲಗಿದ್ರೂ ಘಾಟಿಯಲ್ಲಿ ಸುರಂಗ ಬಂದಾಗೆಲ್ಲ ಸದ್ದು ಬದಲಾಗಿ ಎಚ್ಚರ ಆಗುದು, ಸಕಲೇಶಪುರ ಸುಬ್ರಹ್ಮಣ್ಯ ರೋಡ್ ಮಧ್ಯೆ ಸುಮಾರು 55 ಕಿಲೋಮೀಟರಲ್ಲಿ 57 ಸುರಂಗ ಉಂಟು, ಲೆಕ್ಕ ಮಾಡಿ ನಿದ್ದೆ ಹೋಗ್ಬೇಕು ಅಂತ ಹೊರಟವ ಒಮ್ಮೆಯೂ ಇಪ್ಪತ್ತು ದಾಟಿಲ್ಲ. ಬೆಂಗಳೂರಿಗೆ ಮಾತ್ರ ಅಲ್ಲ, ಮೀರಜ್‌ಗೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಕೂಡ ಇತ್ತು ಇಲ್ಲಿಂದ. ಮಾವನಿಗೆ ಆ ಹೆಸರು ಹೇಳಿ ನೋಡಿ, ಮುಖ ಅರಳ್ತದೆ.

ಆಮೇಲೆ 90ರ ದಶಕದ ಮಧ್ಯದಲ್ಲಿ ಬ್ರಾಡ್‌ಗೇಜ್ ಅಂದ್ರೆ ಅಗಲದ ಹಳಿ ಮಾಡ್ತೇವೆ ಅಂತ ಹಳೇ ಹಳಿ ಕಿತ್ತರು. ಕಿತ್ತದ್ದು ಬೇಗ, ಹಾಕಿದ್ದು ನಿಧಾನ. ದುಡ್ಡು ಹೊಂದಿಸ್ಲಿಕ್ಕೆ ಹಾಸನ ಮಂಗಳೂರು ರೈಲ್ ಡೆವಲಪ್‌ಮೆಂಟ್ ಕಂಪೆನಿ ಅಂತ ಬೇರೆ ಕಂಪೆನಿಯೇ ಮಾಡ್ಬೇಕಾಯ್ತು. 2006ರಲ್ಲಿ ಗೂಡ್ಸ್ ಬಿಟ್ಟರು, ಬಂದರಿಗೆ ಅದಿರು ಹೋಗ್ಲಿಕ್ಕೆ ಸುರು, ನಾವು ಮಾತ್ರ ಮತ್ತೂ ಒಂದೂವರೆ ವರ್ಷ ಬಸ್ಸಲ್ಲೇ. ಕಲ್ಲು ಮಣ್ಣಿಗೆ ದಾರಿ ಉಂಟು ಮನುಷ್ಯರಿಗಿಲ್ವಾ ಅಂತ ಆಗ ಎಲ್ಲರೂ ಬೈದದ್ದೇ. ಕಡೆಗೆ 2007 ಡಿಸೆಂಬರ್ 8ಕ್ಕೆ ರಾತ್ರಿ ಟ್ರೈನ್ ಬಂತು. ನಿಮ್ಮಣ್ಣನ ಪ್ರಾಯದವರಿಗೆ ಬುದ್ಧಿ ಬರುವಾಗ ಹಳಿಯೇ ಇರ್ಲಿಲ್ಲ, ಅವ ನಂಬದ್ದು ತಪ್ಪಲ್ಲ.

ಪಡೀಲ್_ಪಯಣಿಗ
ಕಣ್ಣೂರು ವಿಷಯ ಕೇಳಿದ್ರಲ್ಲ, ಅದು ನಮ್ಮ ಹೊಟ್ಟೆಕಿಚ್ಚಿನ ಕತೆ. ಸುರುವಿಗೆ ಮಂಗಳೂರಿಗೇ ನಿಲ್ತಿತ್ತು. ಆಮೇಲೆ ಕಣ್ಣೂರಿಗೆ ಎಳೆದ್ರು, ಮತ್ತೆ ಕಾರವಾರದವರೂ ಕೇಳಿದ್ರು, ಅವ್ರಿಗೂ ಬೇಕಲ್ಲ, ಅದಕ್ಕೆ ಒಂದೇ ಗಾಡಿಯನ್ನು ಮಂಗಳೂರಲ್ಲಿ ಎರಡು ತುಂಡು ಮಾಡಿ ಒಂದು ತೆಂಕಕ್ಕೆ ಒಂದು ಬಡಗಕ್ಕೆ. ಅಲ್ಲಿ ಕೊಟ್ಟ ಕಾರಣ ಯಾವಾಗ್ಲೂ ಒಂದೇ, ಮಂಗಳೂರು ಸೆಂಟ್ರಲ್‌ನಲ್ಲಿ ಜಾಗ ಇಲ್ಲ. ಜಾಗ ಇಲ್ಲದ್ದು ಸುಳ್ಳಲ್ಲ, 1907ರ ಸ್ಟೇಷನ್ ಅದು. ಆದ್ರೆ ನನ್ನ ಲೆಕ್ಕದಲ್ಲಿ ನಿಜವಾದ ತೊಂದರೆ ಬೇರೆ: ಸೆಂಟ್ರಲ್ ಇರುದು ಪಾಲಕ್ಕಾಡ್ ಡಿವಿಜನ್, ಪಡೀಲ್ ದಾಟಿ ಪುತ್ತೂರು ಕಡೆ ಮೈಸೂರು ಡಿವಿಜನ್, ತೋಕೂರಿಂದ ಆಚೆ ಕೊಂಕಣ ರೈಲ್ವೆ. ಒಂದು ಊರಿಗೆ ಮೂರು ಯಜಮಾನ್ರು. ಟೈಮ್ ಬದಲಿಸ್ಬೇಕು ಅಂತ ಮನವಿ ಕೊಡ್ಲಿಕ್ಕೆ ಹೋದ್ರೆ ಯಾರ ಕೈಗೆ ಕೊಡುದು?

ರೂಟೂ ಅಷ್ಟೇ. ಮೊದ್ಲು ಮೈಸೂರು ಸುತ್ತಿ ಬರ್ತಿತ್ತು, 2017ರಲ್ಲಿ ಕುಣಿಗಲ್ ಶ್ರವಣಬೆಳಗೊಳ ಲೈನ್ ಆದ ಮೇಲೆ ವಾರದಲ್ಲಿ ಕೆಲವು ದಿನ ಹೀಗೆ ಕೆಲವು ದಿನ ಹಾಗೆ. ಈಗ ಕಣ್ಣೂರಿಂದು ಕುಣಿಗಲ್ ಮೇಲೆ ಬರ್ತದೆ, ಮೈಸೂರು ಮೇಲೆ ಬರುದು ಬೇರೆ ಉಂಟು, ಅದನ್ನೂ 2023ರಲ್ಲಿ ಮುರ್ಡೇಶ್ವರಕ್ಕೆ ಎಳೆದ್ರು. ಮಂಗಳೂರಿಗೆ ಅಂತ ಬಿಟ್ಟ ಬೆಂಗಳೂರು ರಾತ್ರಿ ಟ್ರೈನ್ ಯಾವುದೂ ಮಂಗಳೂರಲ್ಲೇ ಕೊನೆ ಆಗುದಿಲ್ಲ ನೋಡಿ 😀

ಕುಂದಾಪ್ರದ_ಗಾಳಿ
ಹೊಟ್ಟೆಕಿಚ್ಚು ನಿಮ್ದು ಆಯ್ತು, ನಮ್ಮ ಕಷ್ಟ ಕೇಣಿ ಕಾಂಬ. ಆ ತುಂಡು ಮಾಡುವ ಕಾಲದಲ್ಲಿ ಬೆಳಿಗ್ಗೆ ಮಂಗ್ಳೂರಲ್ಲಿ ಎಂಜಿನ್ ಬಿಚ್ಚಿ ತಿರುಗ್ಸಿ ಕಟ್ಟಿ ಸಿಗ್ನಲ್ ಸಿಕ್ಕಿ ಹೊರಡುವಷ್ಟರಲ್ಲಿ, ಬಸ್ಸಲ್ಲಿ ಬಂದವ ಮನೆಗೆ ಹೋಗಿ ಮಿಂದು ದೋಸೆ ತಿಂದು ಆಗ್ತಿತ್ತು. ಅದಕ್ಕೇ ಮಂಗ್ಳೂರು ಸ್ಟೇಷನ್ನಿಗೆ ಹೋಗದೆ ಪಡೀಲ್ ಬೈಪಾಸಿಂದ ನೇರ ಬಿಡಿ ಅಂತ ಕೇಳಿದ್ದು. 2020 ಮಾರ್ಚ್ 7ಕ್ಕೆ ಯಶವಂತಪುರ–ವಾಸ್ಕೋ ಅಂತ ಬಂತು, ಎರಡು ವಾರಕ್ಕೆ ಲಾಕ್‌ಡೌನ್ ಬಡೀತು, ಎಂತ ದುರಾದೃಷ್ಟ. ಮತ್ತೆ ಬಂದದ್ದು ಕಾರವಾರದವರೆಗೆ, ಈಗ ಅದರ ಹೆಸರೇ ಪಂಚಗಂಗಾ. ಮಂಗ್ಳೂರು ಬಿಟ್ಟು ಹೋಯ್ತು ಅಂತ ಆಗ ನಿಮ್ಮೂರವರು ಗಲಾಟೆ ಮಾಡಿದ್ದು ನಮ್ಗೆ ಇನ್ನೂ ನೆನಪುಂಟು. ಬಂಟ್ವಾಳ, ಸುರತ್ಕಲ್ ಇಲ್ವಾ ಇಳೀಲಿಕ್ಕೆ?

ಪಡೀಲ್_ಪಯಣಿಗ
ಹ್ಞಾಂ, ನಡುರಾತ್ರಿ ಕಳೆದ ಮೇಲೆ ಸುರತ್ಕಲ್‌ನಲ್ಲಿ ಇಳಿದು ರಿಕ್ಷಾಕ್ಕೆ ಟಿಕೆಟಿಂದ ಜಾಸ್ತಿ ಕೊಡುದು. ಹೋಗ್ಲಿ ಬಿಡಿ, ನಿಮ್ಗಾದ್ರೂ ಆಯ್ತಲ್ಲ.

ಹಳೇ_ಮೀಟರ್‌ಗೇಜ್
ಜಗಳ ಮಾಡ್ಬೇಡಿ, ಮಳೆಗಾಲದಲ್ಲಿ ಇಬ್ಬರಿಗೂ ಒಂದೇ ಗತಿ. 2018ರ ಆಗಸ್ಟಲ್ಲಿ ಶಿರಾಡಿ ರಸ್ತೆಯೂ ಬಂದ್, ರೈಲೂ ಬಂದ್. 2024 ಜುಲೈಯಲ್ಲಿ ಘಾಟಿಯ ಯಡಕುಮೇರಿ ಕಡಗರವಳ್ಳಿ ಮಧ್ಯೆ ಹಳಿ ಅಡಿಯ ಮಣ್ಣೇ ಜಾರಿ ಹೋಯ್ತು. ಜೂನಿಂದ ಸೆಪ್ಟೆಂಬರ್‌ವರೆಗೆ ಮಾವನ ಹತ್ರ ಟ್ರೈನ್ ಟಿಕೆಟ್ ಇದ್ರೂ ಬಸ್ಸಿನದ್ದೊಂದು ನೋಡಿಟ್ಕೊಳ್ಳಿ.

ಮಣಿಪಾಲದ_ಮಳೆ
ಮಾವನಿಗೆ ಪೂರ್ತಿ ಓದಿ ಹೇಳಿದೆ. ಮಹಾಲಕ್ಷ್ಮಿ ಅಂದದ್ದೇ ತಡ, ಹುಬ್ಬಳ್ಳಿಯ ಅತ್ತೆ ಮನೆಗೆ ಅದ್ರಲ್ಲೇ ಹೋದದ್ದು, ಅದು ಪುನಃ ಬರ್ತದಾ ಕೇಳು ಅಂದ್ರು. ಅಣ್ಣನಿಗೆ ಲಿಂಕ್ ಕಳ್ಸಿದ್ದೇನೆ, ನೀಲಿ ಟಿಕ್ ಬಿದ್ದಿದೆ, ಸುದ್ದಿ ಇಲ್ಲ.

ಹಳೇ_ಮೀಟರ್‌ಗೇಜ್
ಮೀರಜ್‌ದು ಬಂದಿಲ್ಲ, ಕೇಳ್ತಾನೇ ಇದ್ದಾರೆ ಜನ. ಆದ್ರೆ 2019ರಿಂದ ವಿಜಯಪುರ–ಮಂಗಳೂರು ಟ್ರೈನ್ ಉಂಟು, ಅದು ಹಾಸನ ಅರಸೀಕೆರೆ ಹುಬ್ಬಳ್ಳಿ ಮೇಲೆಯೇ ಹೋಗುದು. ಅತ್ತೆ ಮನೆವರೆಗೆ ಸಾಕಲ್ಲ. ಲೋವರ್ ಬರ್ತ್ ಹಾಕಿ ಕೊಡಿ ಅವರಿಗೆ.